ಹಳ್ಳಿಯ ನಡಿಗೆ ಗುಂಪಿಗೆ ಸೇರಲಾ? ಏಳು ಮೈಲಿ ನನ್ನ ಕೈಲಿ ಆಗುತ್ತಾ?

ಮಂಡಗದ್ದೆ ಹಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಯಜಮಾನರಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆಲಸ. ಪೇಟೆ ಗಲಾಟೆ ಬೇಡ ಅನಿಸಿ ಹೋದ ಅಕ್ಟೋಬರ್‌ನಲ್ಲಿ ಡರ್ಬಿಶೈರ್‌ನ ಹೋಪ್ ವ್ಯಾಲಿಯ ಒಂದು ಹಳ್ಳಿಗೆ ಬಂದೆವು. ಅವರು ಬೆಳಿಗ್ಗೆ ರೈಲು ಹತ್ತಿ ಹೋದರೆ ಬರುವುದು ಸಂಜೆಗೇ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ನಾಲ್ಕು ತಿಂಗಳು ದಾಟಿತು, ಅಂಗಡಿಯಲ್ಲಿ ‘ಗುಡ್ ಮಾರ್ನಿಂಗ್’ ಬಿಟ್ಟರೆ ಊರಿನ ಒಬ್ಬರ ಹತ್ತಿರವೂ ಸರಿಯಾಗಿ ಮಾತಾಡಿಲ್ಲ.

ಮೊನ್ನೆ ಪೋಸ್ಟ್ ಆಫೀಸಿನ ಕಿಟಕಿಯಲ್ಲಿ ಒಂದು ಕಾರ್ಡ್ ನೋಡಿದೆ. ಕೈಯಲ್ಲಿ ಬರೆದದ್ದು. ಪ್ರತಿ ತಿಂಗಳ ಮೊದಲ ಭಾನುವಾರ ಹಳ್ಳಿ ಹಾಲ್ ಎದುರು ಬೆಳಿಗ್ಗೆ 10ಕ್ಕೆ ಸೇರುವುದು, ಈ ಸಲ 7 ಮೈಲಿ, ಎಲ್ಲರಿಗೂ ಸ್ವಾಗತ ಅಂತ ಇತ್ತು. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಬೂಟಿನ ಚಿತ್ರ. ಆ ಕಿಟಕಿ ಮುಂದೆ ಮೂರು ದಿನ ನಿಂತು ಬಂದಿದ್ದೇನೆ.

ನನಗಿರುವ ಭಯ ಹೇಳುತ್ತೇನೆ. ಊರಲ್ಲಿ ತೋಟ, ಗದ್ದೆ ಅಂತ ಓಡಾಡಿದ್ದೇನೆ ನಿಜ. ಆದರೆ ಒಂದೇ ಸಮನೆ ಏಳು ಮೈಲಿ ನಡೆದವಳಲ್ಲ. ನಿಧಾನ ಆದರೆ ಅವರಿಗೆ ತೊಂದರೆ ಅಲ್ವಾ? ನಾಯಿ ಕಂಡರೆ ಆಗುವುದಿಲ್ಲ. ಚಿಕ್ಕವಳಿದ್ದಾಗ ಕಚ್ಚಿಸಿಕೊಂಡಿದ್ದೇನೆ. ದಾರಿ ಎರಡು ಫಾರಂ ಮಧ್ಯೆ ಹೋಗುತ್ತದಂತೆ. ಬೇರೆಯವರ ಜಮೀನಿನೊಳಗೆ ಹಾಗೆ ಹೋಗಬಹುದಾ? ನನಗದು ತುಂಬ ಮುಜುಗರ. ಊಟಕ್ಕೆ ಏನು ಮಾಡುತ್ತಾರೆ? ನಾವು ಸಸ್ಯಾಹಾರಿಗಳು. ಇನ್ನೊಂದು: ಮೇ ತಿಂಗಳಲ್ಲಿ ಅತ್ತೆ ಬರುತ್ತಿದ್ದಾರೆ. ಅರವತ್ತಾರು ವಯಸ್ಸು, ಮನೆಯಲ್ಲಿ ಸುಮ್ನೆ ಕೂರುವವರಲ್ಲ. ಅವರನ್ನೂ ಕರೆದುಕೊಂಡು ಹೋಗಬಹುದಾ?

ರೀಡಿಂಗ್ ರಾಯ:

ಬೂಟಿನ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದು ಅನುಭವಸ್ಥರು ಹೇಳಲಿ. ಕಣಕಾಲು ಮುಚ್ಚುವ, ನೀರು ಒಳಗೆ ಬಾರದ ಬೂಟು ತೆಗೆದುಕೊಳ್ಳಿ. ಅಂಗಡಿಗೆ ಮಧ್ಯಾಹ್ನದ ಮೇಲೆ ಹೋಗಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಇಳಿಜಾರಿನಲ್ಲಿ ಹೆಬ್ಬೆರಳು ಮುಂದೆ ತಾಗಬಾರದು. ಹೊಸ ಬೂಟನ್ನು ಒಂದು ವಾರ ಮನೆಯಲ್ಲೇ ಹಾಕಿಕೊಂಡು ಅಡುಗೆ ಮಾಡಿ. ನೇರ ಏಳು ಮೈಲಿಗೆ ಹಾಕಿಕೊಂಡು ಹೋದರೆ ಹಿಮ್ಮಡಿ ಬೊಬ್ಬೆ ಏಳುತ್ತದೆ. ಜೀನ್ಸ್ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ.

ತಾಳಗುಪ್ಪದವಳು:

ತಂಗಿ, ಸೇರಿ. ಖಂಡಿತ ಸೇರಿ. ನಾನು ಸಾಗರ ತಾಲೂಕಿನವಳು, ತಾಳಗುಪ್ಪದ ಹತ್ತಿರ. ವಯಸ್ಸು ಅರವತ್ತೊಂದು. ನಿಮ್ಮ ಕಣಿವೆಯಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ. ನಮ್ಮ ಹಳ್ಳಿಗೂ ಇಂಥದೇ ಗುಂಪಿದೆ, ನಮ್ಮದು ಮೂರನೇ ಭಾನುವಾರ. ನಾಲ್ಕು ವರ್ಷದಿಂದ ಅದರ ಬ್ಯಾಕ್ ಮಾರ್ಕರ್ ನಾನೇ. ಅಂದರೆ ಸಾಲಿನ ಕೊನೆಯಲ್ಲಿ ನಡೆಯುವವಳು. ನನ್ನನ್ನು ಬಿಟ್ಟು ಯಾರೂ ಹಿಂದೆ ಉಳಿಯುವ ಹಾಗಿಲ್ಲ. ಹಾಗಾಗಿ ‘ನಿಧಾನ ಆದರೆ?’ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಏಳು ಮೈಲಿ ಅಂದರೆ ಹನ್ನೊಂದು ಕಿಲೋಮೀಟರ್ ಚಿಲ್ಲರೆ. ಬೆಟ್ಟ ಹತ್ತುವವರು ಒಂದು ಹಳೆ ಲೆಕ್ಕ ಇಟ್ಟುಕೊಂಡಿರುತ್ತಾರೆ. ನೇಯ್‌ಸ್ಮಿತ್ ಅನ್ನುವ ಸ್ಕಾಟ್ಲೆಂಡಿನವರು 1892ರಲ್ಲಿ ಹೇಳಿದ್ದು. ಗಂಟೆಗೆ 3 ಮೈಲಿ, ಜೊತೆಗೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರ ಲೆಕ್ಕ. ಹಳ್ಳಿ ಗುಂಪು ಗಂಟೆಗೆ ಎರಡು ಮೈಲಿ ಹೋದರೆ ಹೆಚ್ಚು. ಹಕ್ಕಿ ನೋಡುತ್ತಾರೆ, ಗೇಟಿನ ಹತ್ತಿರ ಮಾತಿಗೆ ನಿಲ್ಲುತ್ತಾರೆ, ಒಬ್ಬರ ಬೂಟಿನ ದಾರ ಬಿಚ್ಚುತ್ತದೆ. ಹತ್ತಕ್ಕೆ ಹೊರಟರೆ ಊಟ ಸೇರಿ ಎರಡು, ಎರಡೂವರೆಗೆ ಮನೆ. ತೀರ್ಥಹಳ್ಳಿಯ ಹುಡುಗಿಗೆ ಇದು ಆಗದ ಕೆಲಸವಲ್ಲ.

ಆದರೆ ಗುಂಪು ಎಂಥದು ಅಂತ ತಿಳಿಯುವುದಕ್ಕೆ ಒಂದು ಗುರುತು ಹೇಳಿಕೊಡುತ್ತೇನೆ. ಮೊದಲ ಏರು ಮುಗಿದಾಗ ಮುಂದಿನವರು ನಿಂತಿರುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದು ಸೇರುತ್ತಾರೆ. ಆ ಕ್ಷಣ ಲೀಡರ್ ಏನು ಮಾಡುತ್ತಾರೆ ನೋಡಿ. ‘ಎಲ್ಲ ಬಂದರಲ್ಲ, ಹೊರಡೋಣ’ ಅಂದರೆ ಅದು ಒಳ್ಳೆ ಗುಂಪಲ್ಲ. ಮುಂದಿನವರಿಗೆ ಐದು ನಿಮಿಷ ವಿಶ್ರಾಂತಿ ಸಿಕ್ಕಿತು, ಯಾರಿಗೆ ಬೇಕಿತ್ತೋ ಅವರಿಗೆ ಒಂದು ನಿಮಿಷವೂ ಇಲ್ಲ. ನಮ್ಮ ಲೀಡರ್ ಕೊನೆಯವರು ನೀರು ಕುಡಿದು, ಬಾಟಲಿ ಚೀಲಕ್ಕೆ ಹಾಕಿ, ತಲೆ ಎತ್ತುವ ತನಕ ಕದಲುವುದಿಲ್ಲ. ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ತಲೆ ಆಡಿಸಿದರೆ ಹೊರಡುವುದು.

ಇನ್ನು ಬೇರೆಯವರ ಜಮೀನು. ನನಗೂ ಮೊದಮೊದಲು ಹೀಗೇ ಆಗುತ್ತಿತ್ತು. ನಮ್ಮಲ್ಲಿ ದಣಪೆ ತೆಗೆದು ಒಳಗೆ ಕಾಲಿಟ್ಟರೆ ‘ಯಾರದು?’ ಅಂತ ಕೇಳುತ್ತಾರಲ್ಲ, ಆ ಭಯ. ಇಲ್ಲಿ ಅದು ಯಾರೋ ಕೊಟ್ಟ ಸಲುಗೆಯಲ್ಲ ತಂಗಿ, ಹಕ್ಕು. ಇಂಗ್ಲೆಂಡ್‌ನಲ್ಲಿ ಇಂಥ ಕಾಲುದಾರಿಗೂ ಕಾನೂನಿನ ಕಣ್ಣಲ್ಲಿ ಹೆದ್ದಾರಿಯ ಸ್ಥಾನ. ರೈತರು ಹೊಲದ ನಡುವಿನ ದಾರಿಯನ್ನು ಉಳಬಹುದು, ಆದರೆ 14 ದಿನದೊಳಗೆ ಮತ್ತೆ ಒಂದು ಮೀಟರ್ ಅಗಲಕ್ಕಾದರೂ ದಾರಿ ಬಿಡಿಸಿಕೊಡಬೇಕು. ಜನ 20 ವರ್ಷ ತಡೆಯಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ನಡೆದಿದ್ದರೆ, ನಕ್ಷೆಯಲ್ಲಿ ಇಲ್ಲದ ದಾರಿಯನ್ನೂ ಸೇರಿಸಿ ಅಂತ ಕೌಂಟಿ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಕಂಬದ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರಿಗೆ, ನೀಲಿ ಇದ್ದರೆ ಕುದುರೆ, ಸೈಕಲ್‌ಗೂ ಸೇರಿ. ಆರ್ಡ್‌ನನ್ಸ್ ಸರ್ವೆ ಅಂದರೆ ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆ, ಅವರ ಕಿತ್ತಳೆ ರಟ್ಟಿನ ನಕ್ಷೆ ಕೊಂಡುಕೊಳ್ಳಿ. ಅದರಲ್ಲಿ ಹಸಿರು ತುಂಡುಗೆರೆ ಎಲ್ಲಿದೆಯೋ ಅಲ್ಲಿ ನೀವು ಧೈರ್ಯವಾಗಿ ಹೋಗಬಹುದು. ಯಾವ ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಇದೊಂದು ತಪ್ಪಬಾರದು.

ನಮ್ಮ ತಲೆಯ ಮೇಲೇ ಇರುವ ಕಿಂಡರ್ ಸ್ಕೌಟ್ ಗುಡ್ಡ ನೋಡಿದ್ದೀರಲ್ಲ? ಒಂದು ಕಾಲಕ್ಕೆ ಜನ ಅದರ ಮೇಲೆ ಕಾಲಿಡುವ ಹಾಗಿರಲಿಲ್ಲ. ಗ್ರೌಸ್ ಹಕ್ಕಿಯ ಬೇಟೆಗೆ ಅಂತ ಜಮೀನುದಾರರು ಕಾವಲು ಇಟ್ಟಿದ್ದರು. 1932ರ ಏಪ್ರಿಲ್ 24, ಭಾನುವಾರ, ಮ್ಯಾಂಚೆಸ್ಟರ್ ಕಡೆಯ ಕಾರ್ಖಾನೆ ಹುಡುಗರು ನೂರಾರು ಜನ ಹೇಫೀಲ್ಡ್‌ನಿಂದ ಹೊರಟು ಗುಡ್ಡ ಹತ್ತಿಯೇ ಬಿಟ್ಟರು. ಮುಂದೆ ನಿಂತಿದ್ದ ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಐದು ಜನ ಜೈಲಿಗೆ ಹೋದರು. ವಾರಕ್ಕೆ ಸಿಗುವ ಒಂದು ರಜೆಯಲ್ಲಿ ಗಾಳಿ ಬೆಳಕು ಬೇಕು ಅಂದದ್ದಕ್ಕೆ ಜೈಲು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು, 1951ರಲ್ಲಿ ಈ ಗುಡ್ಡ, ಕಣಿವೆ ಸೇರಿದ ನಮ್ಮ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ನೀವು ಭಾನುವಾರ ಆ ಫಾರಂ ದಾಟುವಾಗ ಮುಜುಗರ ಪಡಬೇಡಿ. ನಡೆದರೇ ದಾರಿ ಉಳಿಯುವುದು. ನಡೆಯದಿದ್ದರೆ ಮುಳ್ಳು ಬೆಳೆಯುತ್ತದೆ.

ಮುಳ್ಳು ಅಂದೆ, ನಮ್ಮ ಗುಂಪಿನ ಅಜ್ಜನ ವಿಷಯ ಹೇಳಲೇಬೇಕು. ಎಂಬತ್ತು ದಾಟಿದವರು. ಕೋಟಿನ ಬಲಜೇಬಿನಲ್ಲಿ ಗಿಡ ಕತ್ತರಿಸುವ ಸಣ್ಣ ಕತ್ತರಿ, ಕೆಂಪು ಹಿಡಿ. ಇಲ್ಲಿ ಬೇಲಿ ದಾಟುವುದಕ್ಕೆ ಮರದ ಮೆಟ್ಟಿಲಿನ ಹಾಗೆ ಸ್ಟೈಲ್ ಇರುತ್ತದೆ, ನಮ್ಮ ಕರಾವಳಿಯ ತಡಮೆ ಇದ್ದಂತೆ. ಅದನ್ನು ಅವರು ಹತ್ತಿ ಇಳಿದ ಮೇಲೆ ಹಿಂದಕ್ಕೆ ತಿರುಗಿ ನಿಲ್ಲುತ್ತಾರೆ. ಬ್ರ್ಯಾಂಬಲ್ ಮುಳ್ಳಿನ ಒಂದೇ ಬಳ್ಳಿ ದಾರಿಗೆ ಬಾಗಿದ್ದರೆ ಅದನ್ನು ಎಡಗೈಯ ಎರಡು ಬೆರಳಲ್ಲಿ, ಮುಳ್ಳಿನ ನಡುವೆ ಹಿಡಿದು, ಕತ್ತರಿಸಿ, ಬೇಲಿಯ ಬುಡಕ್ಕೆ ತುರುಕುತ್ತಾರೆ. ಹಿಂದೆ ಬರುವವರ ಕಣ್ಣಿಗೆ ತಾಗಬಾರದಲ್ಲ. ಒಂದು ಸ್ಟೈಲಿಗೆ ಒಂದೋ ಎರಡೋ, ಅಷ್ಟೇ. ಎಲ್ಲವನ್ನೂ ಸವರುವುದಿಲ್ಲ, ಅಕ್ಟೋಬರ್‌ಗೆ ಹಣ್ಣು ತಿನ್ನುವ ಹಕ್ಕಿಗಳಿವೆ ಅನ್ನುತ್ತಾರೆ. ಒಮ್ಮೆ ಒಂದು ಕಡೆ ಸ್ಟೈಲಿಗೆ ಯಾರೋ ಮುಳ್ಳುತಂತಿ ಸುತ್ತಿದ್ದರು. ಅಜ್ಜ ಅದನ್ನು ಮುಟ್ಟಲಿಲ್ಲ. ಫೋಟೊ ತೆಗೆಸಿ, ನಕ್ಷೆಯ ನಂಬರು ಬರೆದು ಕೌನ್ಸಿಲ್‌ಗೆ ಕಳಿಸಿದರು. ಮುಂದಿನ ತಿಂಗಳು ಹೋಗುವಷ್ಟರಲ್ಲಿ ತಂತಿ ಇರಲಿಲ್ಲ.

ನಾಯಿ: ಹೊರಡುವ ಮೊದಲೇ ಲೀಡರ್‌ಗೆ ಹೇಳಿಬಿಡಿ. ನಾಚಿಕೆ ಬೇಡ. ನಾಯಿ ಇರುವವರು ಮುಂದೆ, ನೀವು ಹಿಂದೆ. ಕುರಿಗಳಿರುವ ಕಡೆ ಹೇಗೂ ಹಗ್ಗ ಹಿಡಿದೇ ಇರುತ್ತಾರೆ, ಈಗ ಕುರಿಗಳು ಗಬ್ಬದಲ್ಲಿರುವ ಸಮಯ. ದನಗಳು ಮಾರ್ಚ್‌ನಲ್ಲಿ ಬಹುತೇಕ ಕೊಟ್ಟಿಗೆಯಲ್ಲೇ ಇರುತ್ತವೆ. ಮೇನಲ್ಲಿ ಹೊರಗೆ ಬಿಟ್ಟಾಗ ತಾಯಿ ಕರುವಿನ ಮಧ್ಯೆ ಮಾತ್ರ ಹೋಗಬೇಡಿ. ಸುತ್ತಿ ಹೋಗಿ, ಓಡಬೇಡಿ. ಇಂಬಳದ ಕಾಟ ಇಲ್ಲ, ಅದೊಂದು ನೆಮ್ಮದಿ. ರಕ್ತ ಹೀರುವ ಉಣ್ಣೆ ಹುಳ ಇದೆ. ಮಂಗನ ಕಾಯಿಲೆಯ ಸೀಮೆಯಿಂದ ಬಂದ ನಿಮಗೆ ಉಣ್ಣೆ ಏನು ಮಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಇಲ್ಲಿ ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಬೇಸಿಗೆಯಲ್ಲಿ ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದು ಮೊಣಕಾಲ ಹಿಂಭಾಗ ನೋಡಿಕೊಳ್ಳಿ.

ಊಟ ಅವರವರದ್ದೇ. ಗೋಡೆಯ ಮರೆಯಲ್ಲಿ ಗಾಳಿ ತಪ್ಪಿಸಿ ಕೂರುತ್ತಾರೆ. ಇಲ್ಲಿಯ ಗೋಡೆಗಳು ಗಾರೆ ಇಲ್ಲದೆ ಕಲ್ಲು ಮೇಲೆ ಕಲ್ಲು ಕೂರಿಸಿದ್ದು, ನಮ್ಮ ಪಾಗಾರದ ಅಣ್ಣತಮ್ಮಂದಿರು. ಒರಗಿ ಕೂತರೂ ಹತ್ತಬೇಡಿ. ನಾನು ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿಕೊಂಡು ಹೋಗುತ್ತೇನೆ, ತಣ್ಣಗಾದರೂ ಚೆನ್ನ. ಕೋಡುಬಳೆ ಒಂದು ಡಬ್ಬಿ ಜಾಸ್ತಿ ಇಟ್ಟುಕೊಳ್ಳಿ. ಮಾತು ಶುರುವಾಗುವುದಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಕೊನೆಗೆ ನನ್ನದೇ ಒಂದು ವಿಷಯ. ನಾನು ಈ ಗುಂಪಿಗೆ ಅಂಟಿಕೊಂಡದ್ದು ಎರಡನೇ ನಡಿಗೆಯಲ್ಲಿ. ಆವತ್ತು ಲೇಡಿಬವರ್ ಜಲಾಶಯದ ದಂಡೆಯಲ್ಲಿ ಹೋದೆವು. ಲೀಡರ್ ನಿಂತು ನೀರಿನ ಕಡೆ ಕೈ ತೋರಿಸಿ, ಅಲ್ಲಿ ಕೆಳಗೆ ಡರ್ವೆಂಟ್, ಆಶಪ್ಟನ್ ಅಂತ ಎರಡು ಹಳ್ಳಿ ಇದ್ದವು ಅಂದರು. 1940ರ ದಶಕದಲ್ಲಿ ಮುಳುಗಿದವು. ಡರ್ವೆಂಟಿನ ಚರ್ಚಿನ ಗೋಪುರ ಒಂದೇ ನೀರಿನ ಮೇಲೆ ನಿಂತಿತ್ತಂತೆ, 1947ರಲ್ಲಿ ಅದನ್ನೂ ಉರುಳಿಸಿದರು. ಹೂತವರನ್ನು ಎತ್ತಿ ತಂದು ಬ್ಯಾಮ್‌ಫರ್ಡ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ನಾನು ಸುಮ್ಮನೆ ನಿಂತುಬಿಟ್ಟೆ. ನನ್ನ ಅಜ್ಜಿಯ ತವರುಮನೆ ಶರಾವತಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಹೋದದ್ದು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಳೆ ಅಣೆಕಟ್ಟು ಮೇಲೆ ಬರುತ್ತದಲ್ಲ, ಅಜ್ಜಿ ಅದನ್ನು ನೋಡುವುದಕ್ಕೂ ಒಪ್ಪುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು ಏನಾಯಿತು ಅಂತ ಕೇಳಿದರು. ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಅವರ ಅಮ್ಮ ಆಶಪ್ಟನ್‌ನಲ್ಲಿ ಹುಟ್ಟಿದವರು. 2018ರಲ್ಲಿ ಮಳೆ ಇಲ್ಲದೆ ನೀರು ಇಳಿದು ಡರ್ವೆಂಟಿನ ಕಲ್ಲುಗಳು ಕಂಡಾಗ ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು.

ಅತ್ತೆಯನ್ನು ಕರೆತನ್ನಿ. ಮೊದಲು ಏಳು ಮೈಲಿ ಬೇಡ. ಬೇಸಿಗೆಯಲ್ಲಿ ಸಂಜೆ ಮೂರು ಮೈಲಿಯ ಚಿಕ್ಕ ನಡಿಗೆ ಇಟ್ಟಿರುತ್ತಾರಾ ಕೇಳಿ. ಮೇ ಕೊನೆಗೆ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ.

ಶಿರಸಿ ಪೇಟೆ:

ಅಕ್ಕ, ಓದಿ ಹೊಟ್ಟೆ ತುಂಬಿತು. ನಾನು ಊರಲ್ಲೇ ಇರುವವನು. ನಾವು ಚಿಕ್ಕವರಿದ್ದಾಗ ಶಾಲೆಗೆ ಹೋಗುತ್ತಿದ್ದ ಒಳದಾರಿಗಳೆಲ್ಲ ಈಗ ಬೇಲಿಯೊಳಗೆ ಹೋಗಿವೆ. ಎಲ್ಲರಿಗೂ ಬೈಕಿದೆ, ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಇಂಥದ್ದು ಸಾಧ್ಯವಾ?

ತಾಳಗುಪ್ಪದವಳು:

ಸಾಧ್ಯ ತಮ್ಮಾ. ನಿಮ್ಮೂರಿನ ಗ್ರಾಮ ನಕ್ಷೆ ತೆಗೆಸಿ. ಸರ್ವೆ ಇಲಾಖೆಯಲ್ಲಿ ಸಿಗುತ್ತದೆ. ಅದರಲ್ಲಿ ಒಂಟಿ ಚುಕ್ಕೆ ಸಾಲು ಇದ್ದರೆ ಕಾಲುದಾರಿ, ಜೋಡಿ ಸಾಲು ಇದ್ದರೆ ಬಂಡಿದಾರಿ. ಇಪ್ಪತ್ತು ವರ್ಷ ನಡೆದ ದಾರಿಯ ಹಕ್ಕಿನ ಮಾತು ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯಲ್ಲೂ ಇದೆ. ಆದರೆ ಜಗಳದಿಂದ ಶುರು ಮಾಡಬೇಡಿ. ನಕ್ಷೆ ಹಿಡಿದು, ಊರಿನ ಹಿರಿಯರೊಬ್ಬರನ್ನು ಮುಂದೆ ಬಿಟ್ಟುಕೊಂಡು, ತಿಂಗಳಿಗೊಂದು ಭಾನುವಾರ ನಾಲ್ಕು ಜನ ನಡೆಯಿರಿ. ಬೇಲಿ ಸಿಕ್ಕರೆ ಆ ಮನೆಗೆ ಹೋಗಿ ಆಸರಿಗೆ ಕೇಳಿ ಕುಡಿದು, ಹಳೆ ದಾರಿಯ ಮಾತು ತೆಗೆಯಿರಿ. ಅಡಿಕೆ ಕೊಯ್ಲಿನ ಸಮಯ ಬಿಟ್ಟು ಹೋಗಿ, ಆಗ ಯಾರಿಗೂ ಪುರುಸೊತ್ತಿರುವುದಿಲ್ಲ.

ಮಂಡಗದ್ದೆ ಹಕ್ಕಿ:

ಹೋಗಿ ಬಂದೆ! ಈಗಷ್ಟೇ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಒಟ್ಟು ಹದಿನಾಲ್ಕು ಜನ, ಎರಡು ನಾಯಿ. ಹೊರಡುವ ಮೊದಲೇ ಲೀಡರ್‌ಗೆ ಹೇಳಿದೆ. ಅವರು ಎಲ್ಲರಿಗೂ ಕೇಳುವ ಹಾಗೆ ಸಾರಲಿಲ್ಲ. ನಾಯಿ ಹಿಡಿದಿದ್ದ ಇಬ್ಬರ ಹತ್ತಿರ ಮಾತ್ರ ಹೋಗಿ ಮೆಲ್ಲಗೆ ಹೇಳಿ ಬಂದರು. ದಾರಿಯಿಡೀ ಒಂದು ನಾಯಿಯೂ ನನ್ನ ಹತ್ತಿರ ಬರಲಿಲ್ಲ.

ಅಕ್ಕ, ಮೊದಲ ಏರಿನ ತುದಿಯಲ್ಲಿ ನೀವು ಹೇಳಿದ ಗುರುತು ನೋಡಿದೆ. ಕೊನೆಗೆ ಬಂದವಳು ನಾನೇ. ಉಸಿರು ಗಂಟಲಿಗೆ ಬಂದಿತ್ತು. ಎಲ್ಲರೂ ಕೂತಿದ್ದರು. ನಾನು ನೀರು ಕುಡಿದೆ, ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿದೆ, ಬೂಟಿನ ದಾರ ಬಿಗಿದೆ. ಅಷ್ಟಾದರೂ ಒಬ್ಬರೂ ಏಳಲಿಲ್ಲ. ಲೀಡರ್ ‘ರೆಡಿನಾ?’ ಅಂತ ನನ್ನನ್ನೇ ಕೇಳಿದರು.

ಫಾರಂ ಅಂಗಳದಲ್ಲಿ ಹೋಗುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಟ್ರ್ಯಾಕ್ಟರ್ ತೊಳೆಯುತ್ತಿದ್ದವರು ತಲೆ ಎತ್ತಿ ನೋಡಿದರು. ‘ಕೆಳಗಿನ ಗೇಟಿನ ಹತ್ತಿರ ಕೆಸರು ಜಾಸ್ತಿ, ಗೋಡೆ ಪಕ್ಕದಲ್ಲೇ ಹೋಗಿ’ ಅಂದರು, ಅಷ್ಟೇ. ನಿಜವಾಗಿಯೂ ಮೊಣಕಾಲು ತನಕ ಕೆಸರು. ನಾಟಿ ಗದ್ದೆ ನೆನಪಾಯಿತು. ಅದರಾಚೆ ನೀರು ನಿಂತ ಹುಲ್ಲುಗಾವಲಿನಲ್ಲಿ ನಮ್ಮ ಟಿಟ್ಟಿಭದ ಜಾತಿಯದೇ ಹಕ್ಕಿಗಳು, ತಲೆ ಮೇಲೆ ಸಣ್ಣ ಕಪ್ಪು ಜುಟ್ಟು. ಜೊತೆಗೆ ನಡೆಯುತ್ತಿದ್ದ ಒಬ್ಬರು ಲ್ಯಾಪ್‌ವಿಂಗ್ ಅಂತ ಹೇಳಿಕೊಟ್ಟರು. ನಮ್ಮೂರಲ್ಲೂ ಇದರ ಅಕ್ಕತಂಗಿ ಇದ್ದಾಳೆ, ರಾತ್ರಿಯೆಲ್ಲ ಕೂಗುತ್ತಾಳೆ ಅಂದೆ. ಅಲ್ಲಿಂದ ಮನೆ ತನಕ ಮಾತು ನಿಲ್ಲಲಿಲ್ಲ. ನಾನಿರುವ ಬೀದಿಯಲ್ಲೇ ಮೂರು ಮನೆ ಆಚೆಯವರು ಅವರು! ಐದು ತಿಂಗಳಿಂದ ಮುಖವನ್ನೇ ನೋಡಿರಲಿಲ್ಲ. ಬುಧವಾರ ಚಹಾಕ್ಕೆ ಬರುತ್ತಾರೆ. ಕೋಡುಬಳೆ ಮತ್ತೆ ಕರಿಯಬೇಕು, ಡಬ್ಬಿ ಎರಡನೇ ಸುತ್ತಿಗೇ ಖಾಲಿ.

ಮೂರು ಮೈಲಿಯ ಸಂಜೆ ನಡಿಗೆ ಇದೆಯಂತೆ, ಮೇ ಕೊನೆಯಲ್ಲಿ. ಕಾಡಿನಲ್ಲಿ ಬ್ಲೂಬೆಲ್ ಹೂ ಇನ್ನೂ ಸ್ವಲ್ಪ ಉಳಿದಿರಬಹುದು ಅಂದರು. ಬಂದ ತಕ್ಷಣ ಅತ್ತೆಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತು ದಾಟಿತ್ತು, ಮಲಗುವುದಕ್ಕೆ ಹೊರಟಿದ್ದರು. ‘ಅತ್ತೆ, ನಿಮ್ಮ ಚಪ್ಪಲಿ ನಂಬರು ಎಷ್ಟು?’ ಅಂದೆ. ಯಾಕೆ ಅಂತಲೂ ಕೇಳಲಿಲ್ಲ. ಹಾಸಿಗೆಯಿಂದ ಎದ್ದು ಹೋಗಿ, ಜಗುಲಿಯ ದೀಪ ಹಾಕಿ, ಚಪ್ಪಲಿ ತಿರುಗಿಸಿ ನೋಡಿ ಬಂದರು. ಐದು.